ಒಂದು ವಾಷರಿನ ಆಯುಷ್ಯ

ನೀರಿನ ಯೋಜನೆ ಎಂದ ಕೂಡಲೇ ಕಣ್ಣಮುಂದೆ ಬರುವುದು ದೊಡ್ಡ ದೊಡ್ಡ ಸಾಮಾನು. ಟ್ಯಾಂಕು, ಪೈಪ್‌ಲೈನು, ಕೊಳವೆಬಾವಿ ಕೊರೆಯುವ ಲಾರಿ. ಫೋಟೊ ತೆಗೆಯುವುದೂ ಅವುಗಳದ್ದೇ, ಹೆಸರು ಕೆತ್ತಿದ ಕಲ್ಲು ನಿಲ್ಲುವುದೂ ಅವುಗಳ ಪಕ್ಕದಲ್ಲೇ. ನಾಲ್ಕಾರು ವರ್ಷದ ಮೇಲೆ ಅದೇ ಯೋಜನೆ ಕೆಟ್ಟು ನಿಂತಾಗ ಬಿಚ್ಚಿ ನೋಡಿದರೆ ಸಿಗುವ ಕಾರಣ ಮಾತ್ರ ಬಹುಪಾಲು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. ಸವೆದ ರಬ್ಬರ್ ವಾಷರ್, ಕಳೆದುಹೋದ ಮುಚ್ಚಳ, ಹರಿದ ಜಾಲರಿ, ಮುಗಿದುಹೋಗಿ ಮತ್ತೆ ತಾರದ ಸೋಪು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಕೊಟ್ಟ 2022ರ ಲೆಕ್ಕದಲ್ಲಿ, ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರು ಸಿಗದವರು ಸುಮಾರು 220 ಕೋಟಿ, ಅಂಥ ಶೌಚ ವ್ಯವಸ್ಥೆ ಇಲ್ಲದವರು 350 ಕೋಟಿ, ಮನೆಯಲ್ಲಿ ನೀರು ಮತ್ತು ಸೋಪಿನಿಂದ ಕೈ ತೊಳೆಯುವ ಅನುಕೂಲ ಇಲ್ಲದವರು 200 ಕೋಟಿ. ಈ 220 ಕೋಟಿಯಲ್ಲಿ ಹೊಳೆ ನೀರು ಹೊತ್ತು ಬದುಕುವವರಷ್ಟೇ ಇಲ್ಲ. ಊರೊಳಗೆ ಪಂಪು ಇದ್ದೂ ಮನೆಯಂಗಳದಲ್ಲಿ ನೀರಿಲ್ಲದವರು, ಅಂಗಳದಲ್ಲೇ ನಲ್ಲಿ ಇದ್ದೂ ಬೇಕಾದ ಹೊತ್ತಿಗೆ ನೀರು ಬಾರದವರು, ನೀರು ಬಂದರೂ ಅದರಲ್ಲಿ ಮಲದ ಅಂಶ ಇರುವವರು, ಎಲ್ಲರೂ ಇದ್ದಾರೆ. ಅಂದರೆ ಕಟ್ಟಿದ್ದು ಎಷ್ಟು ಎನ್ನುವುದಷ್ಟೇ ಅಲ್ಲ, ಕಟ್ಟಿದ್ದು ಇವತ್ತು ಹೇಗಿದೆ ಎನ್ನುವುದೂ ಈ ಲೆಕ್ಕದಲ್ಲಿ ಅಡಗಿದೆ.

ಕೈಪಂಪಿನಿಂದ ಶುರುಮಾಡೋಣ. 1970ರ ದಶಕದಲ್ಲಿ ಭಾರತದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ಏಷ್ಯಾ, ಆಫ್ರಿಕಾಗಳ ಉದ್ದಗಲಕ್ಕೂ ಹೋಗಿದೆ. ಗಟ್ಟಿಮುಟ್ಟಾದ ಯಂತ್ರ. ಮೇಲೆ ಹಿಡಿ, ಸರಪಳಿ, ಬೇರಿಂಗ್. ಕೆಳಗೆ ನೀರಿನೊಳಗೆ ಹಿತ್ತಾಳೆಯ ಒಳಪದರ ಇರುವ ಸಿಲಿಂಡರ್, ಅದರೊಳಗೆ ಏರಿಳಿಯುವ ಪಿಸ್ಟನ್, ಪಿಸ್ಟನ್ನಿಗೆ ಬಟ್ಟಲಿನಾಕಾರದ ಎರಡು ವಾಷರ್. ನೀರನ್ನು ಎತ್ತಿ ಹಿಡಿಯುವುದು ಈ ವಾಷರುಗಳ ಅಂಚು. ಹಿಂದೆ ಚರ್ಮದವು ಇದ್ದವು, ಈಗ ನೈಟ್ರೈಲ್ ರಬ್ಬರಿನವು. ನೀರಿನ ಜೊತೆ ಮರಳು ಬರುತ್ತಿದ್ದರೆ ಹೊಸ ವಾಷರೂ ಕೆಲವೇ ತಿಂಗಳಲ್ಲಿ ಸವೆದುಹೋಗುತ್ತದೆ.

ಸವೆದಿದೆಯೋ ಇಲ್ಲವೋ ತಿಳಿಯಲು ಪಂಪು ಬಿಚ್ಚಬೇಕಾಗಿಲ್ಲ. ನೀರು ಸರಾಗವಾಗಿ ಬರಲು ಶುರುವಾದ ಮೇಲೆ ಹಿಡಿಯನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ 40 ಸಲ ಒತ್ತಿ, ಬಿದ್ದ ನೀರನ್ನು ಅಳೆಯಬೇಕು. ಆರೋಗ್ಯವಂತ ಪಂಪು ಸುಮಾರು 15 ಲೀಟರ್ ಕೊಡುತ್ತದೆ. 10ಕ್ಕೂ ಕೆಳಗಿಳಿದರೆ ಮೊದಲ ಅನುಮಾನ ವಾಷರಿನ ಮೇಲೆ. ಇನ್ನೊಂದು ಪರೀಕ್ಷೆ: ಅರ್ಧ ಗಂಟೆ ಪಂಪನ್ನು ಮುಟ್ಟದೆ ಬಿಟ್ಟು, ಎಷ್ಟನೇ ಒತ್ತಿಗೆ ನೀರು ಬರುತ್ತದೆ ಎಂದು ಎಣಿಸುವುದು. ಐದಕ್ಕಿಂತ ಹೆಚ್ಚು ಬೇಕಾದರೆ ಅಡಿಯ ವಾಲ್ವ್ ಅಥವಾ ಪೈಪಿನ ಜೋಡಣೆ ಸೋರುತ್ತಿದೆ. ಎರಡಕ್ಕೂ ಬೇಕಾದದ್ದು ಒಂದು ಅಳತೆಯ ಬಕೆಟ್ ಮತ್ತು ಒಂದು ಗಡಿಯಾರ. ಆದರೂ ನೀರು ಪೂರ್ತಿ ನಿಲ್ಲುವ ತನಕ ಈ ಪರೀಕ್ಷೆ ಮಾಡುವವರು ವಿರಳ.

ತೊಂದರೆ ಇರುವುದು ವಾಷರ್ ಬದಲಿಸುವಲ್ಲಿ. ಮಾರ್ಕ್ 2ರಲ್ಲಿ ಪಿಸ್ಟನ್ನು ಸಿಲಿಂಡರಿನಿಂದ ಹೊರಬರಬೇಕಾದರೆ ಪೈಪುಗಳ ಇಡೀ ಸಾಲನ್ನೇ ಮೇಲೆತ್ತಬೇಕು. ಸಿಲಿಂಡರ್ 30 ಮೀಟರ್ ಆಳದಲ್ಲಿದ್ದರೆ 3 ಮೀಟರಿನ ಹತ್ತು ಕಬ್ಬಿಣದ ಪೈಪು, ಒಳಗೆ ಸರಳು, ಜೊತೆಗೆ ತುಂಬಿದ ನೀರು. ವಿಶೇಷ ಕ್ಲ್ಯಾಂಪು ಬೇಕು, ಪಳಗಿದ ಮೂರ್ನಾಲ್ಕು ಜನ ಬೇಕು. ಕೈಜಾರಿದರೆ ಪೂರ್ತಿ ಸಾಲು ಬಾವಿಯ ಪಾಲು. ಮಾರ್ಕ್ 3ರಲ್ಲಿ ಪೈಪಿನ ಒಳವ್ಯಾಸವನ್ನು 65 ಮಿಲಿಮೀಟರಿಗೆ ಹಿಗ್ಗಿಸಿದ್ದು ಇದೇ ಕಾರಣಕ್ಕೆ. ಪೈಪು ಅಲ್ಲೇ ಇರುತ್ತದೆ, ಸರಳು ಎಳೆದರೆ ಪಿಸ್ಟನ್ ಪೈಪಿನೊಳಗಿಂದಲೇ ಮೇಲೆ ಬರುತ್ತದೆ. ಅಫ್ರಿಡೆವ್ ಪಂಪು ಇನ್ನೂ ಮುಂದೆ ಹೋಗಿ ಪ್ಲಾಸ್ಟಿಕ್ ಪೈಪು, ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವ ಸರಳು, ಒಂದೇ ಸ್ಪ್ಯಾನರಿನಲ್ಲಿ ಮುಗಿಯುವ ಕೆಲಸ ಎಂಬ ಲೆಕ್ಕಕ್ಕೆ ಬಂದಿತು. ದುರಸ್ತಿ ಊರಿನವರ ಕೈಯಲ್ಲೇ ಆಗಬೇಕು ಎಂಬುದು 1980ರ ದಶಕದಲ್ಲಿ ಪಂಪು ವಿನ್ಯಾಸಗಾರರು ಹಿಡಿದ ಹಠ, ಒಳ್ಳೆಯ ಹಠವೇ. ಇಷ್ಟಾಗಿಯೂ ಆಫ್ರಿಕಾದ ಹಳ್ಳಿಗಾಡಿನಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು ಮೂರರಲ್ಲಿ ಒಂದು ಪಂಪು ಕೆಟ್ಟಿರುತ್ತದೆ ಎಂಬುದು ಬಹುಕಾಲದ ಅಂದಾಜು. ಸ್ಪ್ಯಾನರ್ ಹಿಡಿಯಲು ಕಲಿತವರು ಊರಲ್ಲಿದ್ದು, ಆ ಅಳತೆಯ ವಾಷರ್ ಒಂದು ದಿನದ ದಾರಿಯಲ್ಲೂ ಸಿಗದಿದ್ದರೆ ಕಲಿಸಿದ್ದೆಲ್ಲ ನೀರಲ್ಲಿ ಹೋಮ. ತರಬೇತಿ ಕೊಡುವುದು ಸುಲಭ. ಬಿಡಿಭಾಗ ಸದಾ ಸಿಗುವಂತೆ ನೋಡಿಕೊಳ್ಳುವುದು ವರ್ಷಗಟ್ಟಲೆ ನಡೆಯಬೇಕಾದ ವ್ಯವಹಾರ. ಅದಕ್ಕೇ ಮೊದಲನೆಯದು ಎಲ್ಲರ ವರದಿಯಲ್ಲೂ ಇರುತ್ತದೆ, ಎರಡನೆಯದು ಇರುವುದಿಲ್ಲ.

ಕೆಡದ ಪಂಪನ್ನೂ ಜನ ಬಿಟ್ಟುಬಿಡುತ್ತಾರೆ ಎಂಬುದನ್ನು ಮರೆಯಬಾರದು. ನೀರು ಆಮ್ಲೀಯವಾಗಿದ್ದು ಅದರ ಪಿಎಚ್ 6.5ಕ್ಕಿಂತ ಕಡಿಮೆ ಇದ್ದಲ್ಲಿ ಸತು ಲೇಪಿಸಿದ ಕಬ್ಬಿಣದ ಪೈಪು ಕೊರೆದುಹೋಗುತ್ತದೆ. ಮುಂಜಾನೆಯ ಮೊದಲ ನೀರು ಕೆಂಪಗೆ ಬರುತ್ತದೆ, ಬಾಯಿಗೆ ಕಬ್ಬಿಣದ ರುಚಿ, ಬಿಳಿ ಬಟ್ಟೆಗೆ ಕಲೆ. ಆಗ ತಿಳಿಯಾಗಿ ಕಾಣುವ, ಆದರೆ ರೋಗಾಣು ತುಂಬಿದ ಹೊಳೆಯೇ ವಾಸಿ ಅನ್ನಿಸುತ್ತದೆ. ಅಂಥ ಕಡೆ ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕಬೇಕೆಂಬುದು ಕೊರೆಯುವ ಮೊದಲೇ ತೀರ್ಮಾನವಾಗಬೇಕಾದ ಮಾತು. ಪಂಪಿನ ಸುತ್ತಲಿನ ಕಾಂಕ್ರೀಟ್ ಕಟ್ಟೆಯ ವಿಷಯವೂ ಹಾಗೆಯೇ. ಅದರಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಚೆಲ್ಲಿದ ನೀರು, ದನಕರು ತುಳಿದ ಕೊಚ್ಚೆ, ಎಲ್ಲ ಬಾವಿಯ ಗೋಡೆ ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪಿನ ಹೊರಮೈ ಹಿಡಿದು ನೇರ ಅಂತರ್ಜಲಕ್ಕಿಳಿಯುತ್ತದೆ. ಕೇಸಿಂಗಿನ ಸುತ್ತ ಮೇಲಿನ ಮೂರು ಮೀಟರಾದರೂ ಸಿಮೆಂಟ್ ಅಥವಾ ಬೆಂಟೊನೈಟ್ ಜೇಡಿ ತುಂಬಿ ಮುಚ್ಚಿರಬೇಕು. ಶೌಚದ ಗುಂಡಿ ಕನಿಷ್ಠ 30 ಮೀಟರ್ ದೂರದಲ್ಲಿ, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ 1.5 ಮೀಟರಾದರೂ ಮೇಲೆ ಇರಬೇಕೆಂಬುದು ಸಾಮಾನ್ಯ ನಿಯಮ. ಸೀಳು ಬಂಡೆಯ ನೆಲದಲ್ಲಿ 30 ಮೀಟರೂ ಸಾಲದು. ಅಂತರ್ಜಲವನ್ನು ಅಳೆಯಬೇಕಾದ್ದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಅಳೆದು ಗುಂಡಿ ತೋಡಿದರೆ ಮೊದಲ ಜಡಿಮಳೆಗೆ ಲೆಕ್ಕ ತಲೆಕೆಳಗು.

ಇಷ್ಟೆಲ್ಲ ಸರಿಯಿದ್ದು ಪಂಪಿನ ಬಾಯಲ್ಲಿ ಶುದ್ಧವಾಗಿದ್ದ ನೀರು ಮನುಷ್ಯನ ಬಾಯಿಗೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ. ಮೂಲದಲ್ಲಿ 100 ಮಿಲಿಲೀಟರಿಗೆ ಮಲದ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇಲ್ಲದ ನೀರು ಮನೆಯ ಪಾತ್ರೆಯಲ್ಲಿ ಹತ್ತಾರು, ನೂರಾರು ತೋರಿಸುವುದು ಸಂಶೋಧಕರಿಗೆ ಮತ್ತೆ ಮತ್ತೆ ಸಿಕ್ಕ ಸಂಗತಿ. ಅಗಲ ಬಾಯಿಯ ಪಾತ್ರೆ, ಅದರೊಳಗೆ ಅದ್ದುವ ಲೋಟ, ಲೋಟ ಹಿಡಿದ ಬೆರಳು. ಮದ್ದು ಸರಳ: 5ರಿಂದ 8 ಸೆಂಟಿಮೀಟರ್ ಬಾಯಿಯ, ಮುಚ್ಚಳ ಇರುವ, ತಳದಲ್ಲಿ ನಲ್ಲಿ ಇರುವ ಡಬ್ಬ. ಕೈ ತೂರಬಾರದು, ತುಂಬಲು ಮತ್ತು ತೊಳೆಯಲು ಆಗಬೇಕು. ಇದರಲ್ಲಿ ಮೊದಲು ಕೆಡುವುದು ನಲ್ಲಿ. ನಲ್ಲಿ ಸೋರಲು ಶುರುವಾದ ದಿನ ಡಬ್ಬದ ಮುಚ್ಚಳ ತೆಗೆದು ಲೋಟ ಅದ್ದುವುದು ಮತ್ತೆ ಶುರು. ಡಬ್ಬ ಹಂಚುವವರು ಪ್ರತಿ ಡಬ್ಬದ ಜೊತೆ ಒಂದು ಹೆಚ್ಚುವರಿ ನಲ್ಲಿಯನ್ನೂ, ಅದರ ರಬ್ಬರ್ ರಿಂಗನ್ನೂ ಕೊಟ್ಟರೆ ಅರ್ಧ ಕೆಲಸ ಆದಂತೆ. ನೀರು ಹೊರುವ ಕ್ಯಾನಿನ ಒಳಗೋಡೆಗೆ ಲೋಳೆ ಕಟ್ಟಿದ್ದರೆ ಬರೀ ನೀರು ಕುಲುಕಿದರೆ ಹೋಗದು. ಒಂದು ಹಿಡಿ ದಪ್ಪ ಮರಳು, ಸ್ವಲ್ಪ ಸೋಪಿನ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ತೊಳೆಯಬೇಕು.

ಮೂಲದಿಂದ ಬಾಯಿಯವರೆಗೂ ಕಾವಲು ಬರುವ ಮದ್ದು ಕ್ಲೋರಿನ್ ಒಂದೇ. ಕುದಿಸಿದ ನೀರು ತಣಿದ ಮೇಲೆ ಅದಕ್ಕೆ ಯಾವ ರಕ್ಷಣೆಯೂ ಇಲ್ಲ, ಸೋಸಿದ ನೀರಿಗೂ ಇಲ್ಲ. ಕ್ಲೋರಿನ್ ಉಳಿದಿದ್ದರೆ ಆಮೇಲೆ ಬಿದ್ದ ಕೊಳೆಯನ್ನೂ ಅದು ನೋಡಿಕೊಳ್ಳುತ್ತದೆ. ಬ್ಲೀಚಿಂಗ್ ಪೌಡರಿನಿಂದ ಮಾಡುವ ಕ್ರಮ ಹೀಗೆ. ಪೌಡರಿನಲ್ಲಿ ಶೇ. 30ರಷ್ಟು ಕ್ಲೋರಿನ್ ಇದ್ದರೆ 33 ಗ್ರಾಂ ತೆಗೆದುಕೊಂಡು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಒಂದು ಲೀಟರ್ ಮಾಡಿ, ಸುಣ್ಣದ ಗಸಿ ತಳಕ್ಕೆ ಕೂರಲು ಬಿಡಬೇಕು. ಮೇಲಿನ ತಿಳಿಯೇ ಶೇ. 1ರ ದ್ರಾವಣ. ಅದನ್ನು ಬೆಳಕು ತೂರದ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ ತಂಪಾದ ಕಡೆ ಇಡಬೇಕು. ಲೋಹದ ಪಾತ್ರೆ ಬೇಡ, ಲೋಹವನ್ನೂ ಕ್ಲೋರಿನ್ನನ್ನೂ ಎರಡನ್ನೂ ಕಳೆದುಕೊಳ್ಳುತ್ತೀರಿ. ತಿಳಿನೀರಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು. ಶೇ. 1ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುವುದರಿಂದ 20 ಲೀಟರಿನ ಕ್ಯಾನಿಗೆ 4 ಮಿಲಿಲೀಟರ್. ಬಗ್ಗಡದ ನೀರನ್ನು ಮೊದಲು ತಿಳಿಯಾಗಲು ಬಿಟ್ಟು, ಮಡಚಿದ ಬಟ್ಟೆಯಲ್ಲಿ ಸೋಸಿ, ಆಮೇಲೆ ಇದರ ಎರಡರಷ್ಟು. ಅರ್ಧ ಗಂಟೆ ಕಾಯುವುದು ಕಡ್ಡಾಯ. ಅರ್ಧ ಗಂಟೆಯಾದ ಮೇಲೆ ಉಳಿಕೆ ಕ್ಲೋರಿನ್ ಲೀಟರಿಗೆ 2 ಮಿಲಿಗ್ರಾಂ ಮೀರಿರಬಾರದು, 24 ಗಂಟೆಯ ನಂತರವೂ 0.2 ಮಿಲಿಗ್ರಾಂ ಇರಬೇಕು. ಡಿಪಿಡಿ ಮಾತ್ರೆ ಹಾಕಿದಾಗ ನೀರು ಎಷ್ಟು ಗುಲಾಬಿಯಾಗುತ್ತದೆ ಎಂದು ಬಣ್ಣದ ಪಟ್ಟಿಗೆ ಹೋಲಿಸಿದರೆ ಇದು ತಿಳಿಯುತ್ತದೆ.

ಹದ ತಪ್ಪುವುದು ಎಲ್ಲಿ? ಬಹಳಷ್ಟು ಸಲ ಪೌಡರಿನಲ್ಲಿ. ಬಾಯಿ ತೆರೆದ ಚೀಲ, ಸೆಕೆ, ತೇವ ಇಷ್ಟು ಸಾಕು, ಶೇ. 30ರ ಪೌಡರು ಶೇ. 15ಕ್ಕಿಳಿದಿರುತ್ತದೆ. ವಾಸನೆ ಮಾತ್ರ ಮೂಗಿಗೆ ಬಡಿಯುವಷ್ಟು ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬಾರದು. ಆಗ 33 ಗ್ರಾಂ ಜಾಗದಲ್ಲಿ 66 ಗ್ರಾಂ ಬೇಕಾಗುತ್ತದೆ. ಸುಳಿವು ಸಿಗುವುದು ಡಿಪಿಡಿ ಮಾತ್ರೆಯ ಪೇಲವ ಬಣ್ಣದಲ್ಲಿ ಮಾತ್ರ. ಚೀಲದ ಮೇಲೆ ತೆರೆದ ದಿನಾಂಕ ಬರೆಯುವ ಅಭ್ಯಾಸ ಒಂದಿದ್ದರೆ ಎಷ್ಟೋ ಕಡೆ ಭೇದಿ ತಪ್ಪುತ್ತಿತ್ತು. ಎರಡನೆಯ ತಪ್ಪು ಇದರ ಉಲ್ಟಾ: ಕೆಲಸ ಮಾಡಲಿ ಎಂದು ಕೈತುಂಬ ಸುರಿಯುವುದು. ನೀರು ಔಷಧಿಯ ಹಾಗೆ ನಾರಿದರೆ ಮಕ್ಕಳು ಮೊದಲು ಬಿಡುತ್ತಾರೆ, ಆಮೇಲೆ ಮನೆಯವರೆಲ್ಲ. ಬಿಟ್ಟವರನ್ನು ಮತ್ತೆ ಒಪ್ಪಿಸುವುದು ಬಲು ಕಷ್ಟ. ಇನ್ನು ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಮಾಮೂಲು ಪ್ರಮಾಣದ ಕ್ಲೋರಿನ್ನಿಗೆ ಬಗ್ಗುವುದೇ ಇಲ್ಲ. ಅದು ಇರುವ ಕಡೆ ಸೋಸಲೇಬೇಕು, ಇಲ್ಲವೇ ಕುದಿಸಬೇಕು. ಕುದಿಸುವುದಾದರೆ ಗುಳ್ಳೆ ಉಕ್ಕಿ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ ಸಾಕು. ಹತ್ತು, ಇಪ್ಪತ್ತು ನಿಮಿಷ ಎಂದು ಹೇಳಿ ಸೌದೆ ಸುಡಿಸುವ ಅಗತ್ಯವಿಲ್ಲ. ಉರುವಲಿಗೂ ಗತಿಯಿಲ್ಲದಲ್ಲಿ ಎರಡು ಲೀಟರ್ ಒಳಗಿನ ಪಾರದರ್ಶಕ ಪೆಟ್ ಬಾಟಲಿಯಲ್ಲಿ ತಿಳಿನೀರು ತುಂಬಿ ಆರು ಗಂಟೆ ಬಿಸಿಲಿಗೆ ಮಲಗಿಸಿದರೂ ಆಗುತ್ತದೆ, ಮೋಡವಿದ್ದರೆ ಎರಡು ದಿನ.

ಸೋಸುವ ವಿಧಾನಗಳಲ್ಲಿ ಬಯೋಸ್ಯಾಂಡ್ ಫಿಲ್ಟರ್ ಸ್ವಲ್ಪ ನಿಂತು ನೋಡುವಂಥದ್ದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್ 1990ರ ದಶಕದ ಆರಂಭದಲ್ಲಿ ರೂಪಿಸಿದ್ದು. ಕಾಂಕ್ರೀಟಿನ ಪೆಟ್ಟಿಗೆ, ತಳದಲ್ಲಿ ಜಲ್ಲಿ, ಮೇಲೆ ಅರ್ಧ ಮೀಟರಿಗೂ ಮಿಕ್ಕಿ ತೊಳೆದ ಸಣ್ಣ ಮರಳು. ನೀರನ್ನು ಶುದ್ಧ ಮಾಡುವುದರಲ್ಲಿ ಮರಳಿನ ಪಾಲಿನಷ್ಟೇ ಅದರ ಮೇಲ್ಪದರದಲ್ಲಿ ಬೆಳೆಯುವ ಜೀವಿಗಳ ಪಾಲೂ ಇದೆ. ಈ ಪದರ ಕಟ್ಟಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಬಂದ ನೀರಿಗೆ ಬೇರೆ ಶುದ್ಧೀಕರಣ ಬೇಕೇ ಬೇಕು. ನೀರು ನಿಂತಾಗ ಮರಳಿನ ಮೇಲೆ ಸರಿಯಾಗಿ 5 ಸೆಂಟಿಮೀಟರ್ ಇರಬೇಕು. ಹೆಚ್ಚಾದರೆ ಜೀವಪದರಕ್ಕೆ ಗಾಳಿ ಇಳಿಯದು, ಕಡಿಮೆಯಾದರೆ ಒಣಗುತ್ತದೆ. ಈ ಮಟ್ಟವನ್ನು ಹಿಡಿದಿಡುವುದು ಹೊರಕೊಳವೆಯ ಬಾಯಿಯ ಎತ್ತರ. ನೀರು ಸುಮ್ಮನೆ ಹರಿದುಹೋಗುತ್ತದಲ್ಲ ಎಂದು ಯಾರೋ ಜಾಣರು ಅದಕ್ಕೊಂದು ನಲ್ಲಿ ಸಿಕ್ಕಿಸುತ್ತಾರೆ. ನಲ್ಲಿ ಮುಚ್ಚಿದಾಗ ಒಳಗೆ ನೀರು ಏರಿ ನಿಂತು, ಪದರ ಉಸಿರುಕಟ್ಟಿ ಸಾಯುತ್ತದೆ. ಉದ್ದನೆಯ ಹೋಸ್ ಸಿಕ್ಕಿಸಿದರೆ ನೀರು ಸೆಳೆದುಕೊಂಡು ಹೋಗಿ ಮರಳು ಒಣಗುತ್ತದೆ. ಮೊದಲೇ ಕ್ಲೋರಿನ್ ಹಾಕಿದ ನೀರನ್ನು ಸುರಿದರೂ ಅದೇ ಗತಿ. ಇಲ್ಲಿ ಸಣ್ಣ ಭಾಗ ಇಲ್ಲದ್ದಕ್ಕಲ್ಲ, ಇರಬಾರದ ಕಡೆ ಇದ್ದದ್ದಕ್ಕೆ ಯಂತ್ರ ಕೆಡುತ್ತದೆ.

ಮೇಲೆ ಹೇಳಿದ್ದೆಲ್ಲ ರೋಗಾಣುಗಳ ಮಾತು. ರಾಸಾಯನಿಕದ ದಾರಿಯೇ ಬೇರೆ. ಬಾಂಗ್ಲಾದೇಶದಲ್ಲಿ ಹೊಂಡ, ಕೆರೆ ನೀರಿನ ಕಾಯಿಲೆಗಳಿಂದ ಪಾರಾಗಲೆಂದು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಕೊರೆದರು. 1993ರಲ್ಲಿ ಅವುಗಳ ನೀರಿನಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ, ಆ ದೇಶದ ಮಿತಿ 50. ಮಿತಿ ಮೀರಿದ ಬಾವಿಗಳಿಗೆ ಕೆಂಪು, ಉಳಿದವಕ್ಕೆ ಹಸಿರು ಬಣ್ಣ ಬಳಿದರು. ಬಣ್ಣ ಮಾಸುತ್ತದೆ, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಬರುತ್ತಲೇ ಇರುತ್ತವೆ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡಿನದೂ ಇದೇ ಕಥೆ, ಅದರ ಮಿತಿ 1.5 ಮಿಲಿಗ್ರಾಂ. ಕೊರೆದ ಬಾವಿಗೆ ಹಿಡಿ ಕೂರಿಸುವ ಮೊದಲೇ ಈ ಎರಡು ಪರೀಕ್ಷೆ ಆಗಿರಬೇಕು. ನೀರು ಕುಡಿಯಲು ಶುರುಮಾಡಿದ ಊರಿಗೆ ಬೇಡ ಎನ್ನುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಶೌಚಾಲಯಕ್ಕೆ ಬಂದರೆ, ಜೋಡಿಗುಂಡಿಯಷ್ಟು ಸರಳವಾದ ಮತ್ತು ಅಷ್ಟೇ ತಪ್ಪಾಗಿ ಕಟ್ಟಿಸಿಕೊಳ್ಳುವ ವಸ್ತು ಇನ್ನೊಂದಿಲ್ಲ. ಕಡಿದಾದ ಇಳಿಜಾರಿನ ಬೇಸಿನ್, 20 ಮಿಲಿಮೀಟರ್ ನೀರು ನಿಲ್ಲುವ ಟ್ರ್ಯಾಪ್. ಒಂದೂವರೆಯಿಂದ ಎರಡು ಲೀಟರ್ ನೀರಿಗೆ ಎಲ್ಲ ಹೋಗುತ್ತದೆ. ಮುಂದೆ ಕವಲು ಚೇಂಬರ್, ಅಲ್ಲಿಂದ ಎರಡು ಗುಂಡಿಗೆ ಎರಡು ದಾರಿ. ಒಂದು ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು. ಗುಂಡಿಯ ಗೋಡೆ ಸಂದುಬಿಟ್ಟು ಕಟ್ಟಿದ ಇಟ್ಟಿಗೆ, ತಳ ಬರೀ ಮಣ್ಣು. ನೀರು ಇಂಗಬೇಕು, ಅನಿಲವೂ ಮಣ್ಣಿಗೇ ಹೋಗುತ್ತದೆ, ಗಾಳಿಕೊಳವೆ ಬೇಡ. ನೀರಿರುವ ಗುಂಡಿಯಲ್ಲಿ ಒಬ್ಬರಿಂದ ವರ್ಷಕ್ಕೆ ಸುಮಾರು 0.04 ಘನ ಮೀಟರ್ ಗಸಿ ಸೇರುತ್ತದೆ. ಐವರ ಮನೆಗೆ ವರ್ಷಕ್ಕೆ 0.2. ಒಂದು ಮೀಟರ್ ವ್ಯಾಸದ, ಪೈಪಿನ ಕೆಳಗೆ ಒಂದು ಮೀಟರ್ ಆಳದ ಗುಂಡಿ ತುಂಬಲು ಹೆಚ್ಚುಕಡಿಮೆ ನಾಲ್ಕು ವರ್ಷ.

ಮೇಸ್ತ್ರಿ ಮಾತ್ರ ಗಟ್ಟಿಯಾಗಲಿ ಎಂದು ಗೋಡೆಗೂ ತಳಕ್ಕೂ ಸಿಮೆಂಟ್ ಮೆತ್ತುತ್ತಾನೆ. ತಲೆಗೆ ದಿನಕ್ಕೆ ಹತ್ತು ಲೀಟರ್ ಎಂದಿಟ್ಟುಕೊಂಡರೂ ಐವರಿಂದ 50 ಲೀಟರ್. ಸುಮಾರು 785 ಲೀಟರಿನ ಆ ಗುಂಡಿ ಹದಿನಾರು ದಿನಕ್ಕೆ ಉಕ್ಕುತ್ತದೆ. ನಾಲ್ಕು ವರ್ಷ ಮತ್ತು ಹದಿನಾರು ದಿನದ ನಡುವೆ ಇರುವುದು ಒಂದು ಬಾಂಡಲಿ ಸಿಮೆಂಟು. ಬೇಡದ ಕಡೆ ಸುರಿದದ್ದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕವಲು ಚೇಂಬರಿನಲ್ಲಿ ಒಂದು ದಾರಿ ಮುಚ್ಚಲು ಬೇಕಾದ್ದು ಇಟ್ಟಿಗೆ ಚೂರು, ಮೇಲೊಂದಿಷ್ಟು ಜೇಡಿಮಣ್ಣು. ಅದನ್ನು ಹಾಕದೆ ಬಿಟ್ಟರೆ ಎರಡೂ ಗುಂಡಿ ಒಟ್ಟಿಗೆ ತುಂಬುತ್ತವೆ. ತುಂಬಿದ ದಿನ ಯಾವುದೂ ವಿಶ್ರಾಂತಿ ಪಡೆದಿರುವುದಿಲ್ಲ, ಎರಡರಲ್ಲೂ ಹಸಿ ಮಲ. ಜೋಡಿಗುಂಡಿಯ ಗುಟ್ಟೇ ಆ ವಿಶ್ರಾಂತಿ. ಬೆಚ್ಚಗಿನ ಹವೆಯಲ್ಲಿ ಕನಿಷ್ಠ ಒಂದು ವರ್ಷ, ತಂಪು ಹವೆಯಲ್ಲಿ ಒಂದೂವರೆಯಿಂದ ಎರಡು ವರ್ಷ ಮುಚ್ಚಿಟ್ಟರೆ ದುಂಡುಹುಳುವಿನ ಮೊಟ್ಟೆಯಂಥ ಹಟಮಾರಿಗಳೂ ಬಹುಮಟ್ಟಿಗೆ ಸತ್ತು, ಒಳಗಿನದು ವಾಸನೆಯಿಲ್ಲದ ಕಪ್ಪು ಮಣ್ಣಾಗುತ್ತದೆ. ಅದನ್ನು ಸಲಿಕೆಯಿಂದ ಎತ್ತಬಹುದು. ಹಸಿ ಗುಂಡಿಯನ್ನು ಎತ್ತಲು ಮಾತ್ರ ಯಾರೋ ಒಬ್ಬ ಮನುಷ್ಯನನ್ನು ಇಳಿಸುತ್ತಾರೆ, ಆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಒಂದು ಮುಷ್ಟಿ ಜೇಡಿಮಣ್ಣಿನ ವಿಷಯ ಬರೀ ತಾಂತ್ರಿಕವಾದದ್ದಲ್ಲ. ಬೀಗುವ ಕಪ್ಪು ಜೇಡಿ ನೆಲದಲ್ಲಿ, ಅಂತರ್ಜಲ ಮೇಲಿರುವ ಕಡೆ ಜೋಡಿಗುಂಡಿ ನಡೆಯದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಎಲ್ಲ ಕಡೆಗೂ ಒಂದೇ ನಕ್ಷೆ ಕಳಿಸುವವರಿಗೆ ಇದನ್ನು ತಿಳಿಸುವುದು ಪ್ರತ್ಯೇಕ ಸಾಹಸ.

ನೀರೇ ಕಡಿಮೆ ಇರುವಲ್ಲಿ ಒಣಗುಂಡಿ. 1970ರ ದಶಕದಲ್ಲಿ ಇಂದಿನ ಜಿಂಬಾಬ್ವೆಯ ಬ್ಲೇರ್ ಪ್ರಯೋಗಾಲಯದಲ್ಲಿ ಪೀಟರ್ ಮಾರ್ಗನ್ ರೂಪಿಸಿದ ಗಾಳಿಕೊಳವೆಯ ಶೌಚಾಲಯ ಬುದ್ಧಿವಂತಿಕೆಯ ವಿನ್ಯಾಸ. ಕೊಳವೆಯ ತುದಿಯ ಮೇಲೆ ಬೀಸುವ ಗಾಳಿ ಗುಂಡಿಯ ದುರ್ವಾಸನೆಯನ್ನು ಮೇಲಕ್ಕೆ ಸೆಳೆಯುತ್ತದೆ. ಗುಂಡಿಯಲ್ಲಿ ಹುಟ್ಟಿದ ನೊಣ ಬೆಳಕು ಕಂಡ ಕಡೆ, ಅಂದರೆ ಕೊಳವೆಯ ತುದಿಗೆ ಹಾರಿ, ಅಲ್ಲಿನ ಜಾಲರಿಗೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ಒಳಕೋಣೆ ಕತ್ತಲಾಗಿರಬೇಕು. ಕಿಟಕಿ ಇಟ್ಟರೆ ನೊಣ ಅತ್ತ ಬರುತ್ತದೆ. ಬೇರೆಲ್ಲ ಕಡೆ ಮುಚ್ಚಿ ಮುಚ್ಚಿ ಎನ್ನುವವರು ಇಲ್ಲಿ ಕೂರುವ ರಂಧ್ರಕ್ಕೆ ಬಿಗಿ ಮುಚ್ಚಳ ಹಾಕಬೇಡಿ ಎನ್ನಬೇಕು, ಗಾಳಿ ಒಳಗೆ ಬರುವ ದಾರಿಯೇ ಅದು. ಮಾಮೂಲು ಕಬ್ಬಿಣದ ಜಾಲರಿ ಗುಂಡಿಯ ಅನಿಲಕ್ಕೆ ಬೇಗ ತುಕ್ಕು ಹಿಡಿದು ಹರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ಅಥವಾ ಪ್ಲಾಸ್ಟಿಕ್ ಲೇಪಿಸಿದ ಫೈಬರ್‌ಗ್ಲಾಸಿನದು ಬೇಕು. ಜಾಲರಿ ಹರಿದರೆ ಆ ಕೊಳವೆ ನೊಣಗಳಿಗೆ ರಾಜಮಾರ್ಗ.

ಕೈ ತೊಳೆಯುವುದರ ಬಗ್ಗೆ ಭಾಷಣ ಬೇಕಾದಷ್ಟಿದೆ, ಶೌಚಾಲಯದ ಬಾಗಿಲಲ್ಲಿ ನೀರು, ಸೋಪು ಎರಡೂ ಒಟ್ಟಿಗೆ ಇರುವುದು ಅಪರೂಪ. ಹತ್ತು ಹೆಜ್ಜೆ ದೂರ ಇಟ್ಟರೂ ಮರೆತುಹೋಗುತ್ತದೆ. ಐದು ಲೀಟರ್ ಕ್ಯಾನಿಗೆ ಮೊಳೆಯಿಂದ ಒಂದು ತೂತು, ಎರಡು ಕವೆಗೋಲು, ಅಡ್ಡಕೋಲು, ಕಾಲಲ್ಲಿ ಒತ್ತಲು ಹಗ್ಗ ಕಟ್ಟಿದ ಕಡ್ಡಿ. ಈ ಸಾಧನದಲ್ಲಿ ಒಂದು ಸಲಕ್ಕೆ ಸುಮಾರು 40 ಮಿಲಿಲೀಟರ್ ನೀರು ಸಾಕು. ಕ್ಯಾನನ್ನು ಕೈಯಲ್ಲಿ ಮುಟ್ಟುವ ಪ್ರಮೇಯವೂ ಇಲ್ಲ. ಸೋಪಿನ ಬಿಲ್ಲೆ ಕಾಣೆಯಾಗುವ ಕಡೆ 30 ಗ್ರಾಂ ಬಟ್ಟೆ ಒಗೆಯುವ ಪುಡಿಯನ್ನು ಒಂದೂವರೆ ಲೀಟರ್ ನೀರಿಗೆ ಕಲಸಿ, ಮುಚ್ಚಳದಲ್ಲಿ ತೂತು ಮಾಡಿದ ಬಾಟಲಿಯಲ್ಲಿ ತೂಗುಹಾಕಿದರೆ ಕೆಲಸ ನಡೆಯುತ್ತದೆ, ಯಾರೂ ಕದ್ದೊಯ್ಯುವುದೂ ಇಲ್ಲ. ಹಗ್ಗ ಸವೆಯುತ್ತದೆ, ಕ್ಯಾನು ಬಿಸಿಲಿಗೆ ಸೀಳುತ್ತದೆ. ದಿನಾ ತುಂಬಿಸುವವರು ಯಾರು ಎಂದು ಹೆಸರು ಹಿಡಿದು ನಿಗದಿ ಮಾಡದಿದ್ದರೆ ಒಂದೇ ವಾರದಲ್ಲಿ ಅದು ಖಾಲಿ ತೂಗಾಡುತ್ತಿರುತ್ತದೆ. ನೀರಿನ ದೂರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೋಗಿ, ಸರದಿ ನಿಂತು, ಬರಲು 30 ನಿಮಿಷ ಮೀರಿದರೆ ಮನೆಗೆ ಬರುವ ನೀರು ಕಡಿಮೆಯಾಗುತ್ತದೆ. ಕಡಿಮೆಯಾದಾಗ ಕುಡಿಯುವುದನ್ನು ಯಾರೂ ಬಿಡುವುದಿಲ್ಲ, ಬಿಡುವುದು ತೊಳೆಯುವುದನ್ನು. ಕಜ್ಜಿ, ಕಣ್ಣಿನ ಟ್ರಕೋಮಾ ಹರಡುವುದು ಹೀಗೆ.

2018ರಲ್ಲಿ ಬಾಂಗ್ಲಾದೇಶ ಮತ್ತು ಕೀನ್ಯಾದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಬಂದಾಗ ಈ ಕ್ಷೇತ್ರದವರು ಬೆಚ್ಚಿದರು. ನೀರಿಗೆ ಕ್ಲೋರಿನ್, ಸುಧಾರಿಸಿದ ಶೌಚಾಲಯ, ಕೈ ತೊಳೆಯುವ ವ್ಯವಸ್ಥೆ ಕೊಟ್ಟರೂ ಮಕ್ಕಳ ಎತ್ತರದ ಬೆಳವಣಿಗೆ ಹೆಚ್ಚಲಿಲ್ಲ. ಭೇದಿ ಬಾಂಗ್ಲಾದೇಶದಲ್ಲಿ ಇಳಿಯಿತು, ಕೀನ್ಯಾದಲ್ಲಿ ಇಳಿಯಲಿಲ್ಲ. ಬಾಂಗ್ಲಾದೇಶದಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗುತ್ತಿದ್ದದ್ದು ಕೀನ್ಯಾದಲ್ಲಿಗಿಂತ ಬಹಳ ಹೆಚ್ಚು ಸಲ ಎಂಬುದು ಈ ವ್ಯತ್ಯಾಸಕ್ಕೆ ಕೊಡುವ ಕಾರಣಗಳಲ್ಲಿ ಒಂದು. ಇದರಿಂದ ಇಂಥ ಕೆಲಸವೇ ವ್ಯರ್ಥ ಎಂದವರಿದ್ದಾರೆ. ಮನೆಗೊಂದು ಬಾಟಲಿ ಕ್ಲೋರಿನ್ ಕೊಟ್ಟು ಮಗು ಎತ್ತರವಾಗಲಿ ಎಂದು ಕಾಯುವುದೇ ಅತಿಯಾಸೆಯಾಗಿತ್ತು ಎಂದು ಅದನ್ನು ಓದುವುದು ಹೆಚ್ಚು ಸರಿ. ಮನೆಯೊಳಗೆ ದಿನವಿಡೀ ಬರುವ, ಮೊದಲೇ ಶುದ್ಧವಾದ ನಲ್ಲಿ ನೀರಿಗೆ ಈ ಮದ್ದುಗಳು ಸಮವಲ್ಲ. ಆ ನಲ್ಲಿ ಬರುವ ತನಕ ಇವು ಬೇಕು, ಅಷ್ಟೆ.

ಆ ತನಕದ ಖರ್ಚು ಯಾರದ್ದು? ಪಂಪಿಗೊಂದು ಪುಸ್ತಕ ಇಡಬೇಕು. ಅದರಲ್ಲಿ ತಿಂಗಳಿಗೊಮ್ಮೆ 40 ಒತ್ತಿಗೆ ಬಂದ ನೀರಿನ ಲೀಟರ್, ಮಳೆಗಾಲದ ಮೊದಲು ಮತ್ತು ನಂತರ ಮಾಡಿದ ನೀರಿನ ಪರೀಕ್ಷೆ, ವಾಷರ್ ಹಾಕಿದ ದಿನ, ಪೆಟ್ಟಿಗೆಯಲ್ಲಿ ಉಳಿದಿರುವ ವಾಷರುಗಳ ಎಣಿಕೆ, ಕೈಲಿರುವ ಹಣ. ಪರೀಕ್ಷೆಗೆ ದುಬಾರಿ ಪ್ರಯೋಗಾಲಯವೇ ಬೇಕೆಂದಿಲ್ಲ. 1982ರಲ್ಲಿ ಭಾರತದ ಕೆ.ಎಸ್. ಮಂಜ ಮತ್ತು ಸಂಗಡಿಗರು ಪ್ರಕಟಿಸಿದ ಹೈಡ್ರೊಜನ್ ಸಲ್ಫೈಡ್ ಪರೀಕ್ಷೆಯಲ್ಲಿ ಔಷಧಿ ಹೀರಿದ ಕಾಗದವಿರುವ ಬಾಟಲಿಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ ಸಾಕು, ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅನುಮಾನ. ಕೆಲವು ಅಂತರ್ಜಲದಲ್ಲಿ ಸಹಜವಾಗಿಯೇ ಸಲ್ಫೈಡ್ ಇದ್ದು ಕಪ್ಪಾಗುವುದುಂಟು, ಅಲ್ಲಿ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬಾಟಲಿ ತುಂಬುವಾಗ ಒಂದನ್ನು ಪಂಪಿನ ಬಾಯಿಂದ, ಇನ್ನೊಂದನ್ನು ಯಾವುದಾದರೊಂದು ಮನೆಯ ಕುಡಿಯುವ ಲೋಟದಿಂದ ತುಂಬಿ, ಎರಡರ ಫಲಿತಾಂಶವನ್ನೂ ಪುಸ್ತಕದ ಒಂದೇ ಸಾಲಿನಲ್ಲಿ ಬರೆದಿಡಬೇಕು.